ಮಳೆಮಾಪಕಕ್ಕೆ ಕಟ್ಟಿದ ವಿಮೆ: ಟರ್ಮ್ ಶೀಟಿನ ಇಂಗ್ಲಿಷ್ ಪದಗಳು ಮತ್ತು ಅವುಗಳ ಹಿಂದಿನ ಗಣಿತ

ಸಾಗರ ತಾಲ್ಲೂಕಿನ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದವರಿಗೆ ಶರಾವತಿ ಹಿನ್ನೀರಿನ ವಿಸ್ತಾರ ಎಷ್ಟೆಂದು ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ನಂತರ ಆಚೆ ದಡದ ತುಮರಿ, ಕರೂರು ಭಾಗದ ಜನರಿಗೆ ದಶಕಗಳ ಕಾಲ ಲಾಂಚೇ ರಸ್ತೆಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಉದ್ಘಾಟನೆಯಾಗಿ ಆ ಕಾಯುವಿಕೆ ಮುಗಿಯಿತು. ಅದಕ್ಕೆ ಕೆಲವು ವರ್ಷಗಳ ಹಿಂದೆ ಇದೇ ದಡದಲ್ಲಿ ಕಾಯುತ್ತಿದ್ದಾಗ, ಪರಿಚಯದ ಅಡಿಕೆ ಬೆಳೆಗಾರರೊಬ್ಬರು ಜೇಬಿನಿಂದ ಜೆರಾಕ್ಸ್ ಪ್ರತಿಯೊಂದನ್ನು ತೆಗೆದು ನನ್ನ ಮುಂದೆ ಹಿಡಿದರು.

"ಮೇಷ್ಟ್ರೇ, ಇದು ಮಳೆ ವಿಮೆ ಕಾಗದ. ಇದರಲ್ಲಿ ಸ್ಟ್ರೈಕ್ ಅಂತ ಬರೆದಿದ್ದಾರಲ್ಲ, ಯಾರ ಮುಷ್ಕರ ಇದು?"

ನಾನು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು. ಇಂಗ್ಲಿಷಿನಲ್ಲೇ ಪಾಠ ಮಾಡುವವನು. ಆದರೂ ಆ ಹಾಳೆಯ ಅರ್ಧದಷ್ಟು ಪದಗಳು ನನಗೆ ಅರ್ಥವಾಗಲಿಲ್ಲ. "ಕಟ್ಟಿಸಿಕೊಂಡವರನ್ನೇ ಕೇಳಿ" ಎಂದು ಹೇಳಿ ಜಾರಿಕೊಂಡೆ. ಆ ಮಳೆಗಾಲದಲ್ಲಿ ಅವರ ತೋಟಕ್ಕೆ ಕೊಳೆರೋಗ ಬಂದು ಕಾಯೆಲ್ಲ ಉದುರಿತು. ಪರಿಹಾರ ಬರಲಿಲ್ಲ. ತಮಗೆ ಮೋಸವಾಯಿತೆಂದು ಅವರು ತಿಳಿದರು. ಮುಂದಿನ ವರ್ಷ ವಿಮೆ ಕಟ್ಟಲಿಲ್ಲ. ಅವರ ತೀರ್ಮಾನ ಸರಿಯೋ ತಪ್ಪೋ ಎಂದು ಹೇಳುವ ಅರ್ಹತೆ ನನಗಿರಲಿಲ್ಲ. ನಂತರ ಕುಳಿತು ಆ ಪದಗಳನ್ನು ಒಂದೊಂದಾಗಿ ಬಿಡಿಸಿದಾಗ ಆಶ್ಚರ್ಯವಾಯಿತು. ಅವುಗಳ ಹಿಂದೆ ಇದ್ದುದು ದ್ವಿತೀಯ ಪಿಯುಸಿ ವಿದ್ಯಾರ್ಥಿಗೆ ತಿಳಿದಿರುವ ಗಣಿತ ಮತ್ತು ಭೌತವಿಜ್ಞಾನ, ಅಷ್ಟೆ. ಅದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಪರಿಚಿತ ಪದ, ಅಪರಿಚಿತ ಅರ್ಥ

ವ್ಯವಹಾರದ ಇಂಗ್ಲಿಷಿನಲ್ಲಿ ತೊಡಕಾಗುವುದು ಕಠಿಣ ಪದಗಳಿಂದಲ್ಲ. ಕಠಿಣ ಪದ ಕಂಡರೆ ನಾವು ನಿಘಂಟು ತೆರೆಯುತ್ತೇವೆ. ತೊಂದರೆ ಕೊಡುವುದು ನಮಗೆ ಗೊತ್ತಿದೆ ಎಂದುಕೊಂಡಿರುವ ಪದಗಳು. ಸ್ಟ್ರೈಕ್ ಎಂದರೆ ನಮಗೆ ಮುಷ್ಕರ. ಎಕ್ಸಿಟ್ ಎಂದರೆ ಹೊರಹೋಗುವ ಬಾಗಿಲು. ಪಾಲಿಸಿ ಎಂದರೆ ಸರ್ಕಾರದ ನೀತಿ. ಇಂಟರೆಸ್ಟ್ ಎಂದರೆ ಬಡ್ಡಿ, ಇಲ್ಲವೇ ಆಸಕ್ತಿ. ಕವರ್ ಎಂದರೆ ಲಕೋಟೆ. ವಿಮೆಯ ಹಾಳೆಯಲ್ಲಿ ಇವು ಯಾವುವೂ ಈ ಅರ್ಥದಲ್ಲಿ ಇರುವುದಿಲ್ಲ.

ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ. 'ಕೆಲಸ' ಎಂಬ ಪದವನ್ನೇ ತೆಗೆದುಕೊಳ್ಳಿ. ಅಡಿಕೆ ಮೂಟೆಯನ್ನು ಹೊತ್ತು ಸಮತಟ್ಟಾದ ಅಂಗಳದಲ್ಲಿ ಒಂದೇ ವೇಗದಲ್ಲಿ ನಡೆದವನು ಬೆವರಿದರೂ, ಗುರುತ್ವದ ವಿರುದ್ಧ ಅವನು ಮಾಡಿದ ಕೆಲಸ ಶೂನ್ಯ ಎನ್ನುತ್ತದೆ ನಮ್ಮ ಪಠ್ಯ. ಶಾಸ್ತ್ರಕ್ಕೆ ಬಂದ ಕೂಡಲೇ ಪದಕ್ಕೆ ಒಂದು ಖಚಿತ ವ್ಯಾಖ್ಯೆ ಸಿಗುತ್ತದೆ. ವಿಮೆಯ ಪದಗಳೂ ಹಾಗೆಯೇ. ವ್ಯಾಖ್ಯೆ ತಿಳಿಯದೆ ಸಹಿ ಹಾಕುವುದು ಏಕಮಾನ ನೋಡದೆ ಲೆಕ್ಕ ಬಿಡಿಸಿದಂತೆ.

ಕೆಲವು ಪದಗಳನ್ನು ಮೊದಲು ಬಿಡಿಸೋಣ. 'ಪಾಲಿಸಿ' ಎಂದರೆ ಇಲ್ಲಿ ಕರಾರು ಪತ್ರ. ಇದಕ್ಕೂ ನೀತಿ ಎಂಬ ಅರ್ಥದ ಪಾಲಿಸಿಗೂ ಸಂಬಂಧವಿಲ್ಲ. ಇಟಾಲಿಯನ್ ಭಾಷೆಯಲ್ಲಿ ರಸೀದಿ, ಲಿಖಿತ ಪುರಾವೆ ಎಂಬ ಅರ್ಥವಿದ್ದ ಪದದಿಂದ ಇದು ಬಂದಿದೆ. 'ಇನ್ಶೂರಬಲ್ ಇಂಟರೆಸ್ಟ್' ಎಂದರೆ ಒಂದು ವಸ್ತು ನಷ್ಟವಾದರೆ ನಿಮಗೆ ನಿಜವಾಗಿ ಹಣದ ನಷ್ಟ ಆಗುವಂತಹ ಸಂಬಂಧ. ನಿಮ್ಮ ತೋಟಕ್ಕೆ ನೀವು ವಿಮೆ ಕಟ್ಟಬಹುದು, ನೆರೆಯವರ ತೋಟಕ್ಕೆ ಕಟ್ಟುವಂತಿಲ್ಲ. 'ಸಮ್ ಇನ್ಶೂರ್ಡ್' ಎಂದರೆ ವಿಮಾ ಮೊತ್ತ, ಅಂದರೆ ಸಿಗಬಹುದಾದ ಗರಿಷ್ಠ ಹಣ. ಅಷ್ಟೂ ಸಿಕ್ಕೇ ಸಿಗುತ್ತದೆ ಎಂದು ಅರ್ಥವಲ್ಲ. 'ಕವರ್' ಎಂದರೆ ರಕ್ಷಣೆ. ಮಲೆನಾಡಿನವರಿಗೆ ಇದನ್ನು ವಿವರಿಸಲು ಒಳ್ಳೆಯ ಹೋಲಿಕೆಯಿದೆ. ಮಳೆಗೆ ನೆನೆಯದಂತೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತೇವಲ್ಲ, ಅದೇ ಕವರ್. ಕೊಟ್ಟೆ ಕಟ್ಟದ ಕೊನೆಗೆ ಹೇಗೆ ರಕ್ಷಣೆಯಿಲ್ಲವೋ ಹಾಗೆಯೇ 'ಕವರ್ ಪೀರಿಯಡ್' ಮುಗಿದ ಮರುದಿನ ಸುರಿದ ಮಳೆಗೆ ವಿಮೆಯಿಲ್ಲ.

ವಿಮೆ ಬೆಳೆಗಲ್ಲ, ಅಂಕಿಗೆ

ಈಗ ಮುಖ್ಯ ಪ್ರಶ್ನೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ವಿಮೆ ಇರುವುದು ಯಾವುದಕ್ಕೆ? ಅಡಿಕೆಗೆ ಎಂದು ನೀವು ಉತ್ತರಿಸಿದರೆ ಅದು ಪೂರ್ಣ ಸರಿಯಲ್ಲ. ವಿಮೆ ಇರುವುದು ನಿಗದಿಪಡಿಸಿದ ಒಂದು ಹವಾಮಾನ ಕೇಂದ್ರದ ಉಪಕರಣ ದಾಖಲಿಸುವ ಅಂಕಿಗೆ. ಇಡೀ ಯೋಜನೆಯ ಕೀಲಿ ಪದ 'ಇಂಡೆಕ್ಸ್', ಅಂದರೆ ಸೂಚ್ಯಂಕ. ಒಟ್ಟು ಮಳೆ, ಇಂತಿಷ್ಟು ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬಿದ್ದ ಸತತ ದಿನಗಳ ಸಂಖ್ಯೆ, ಗಾಳಿಯ ಆರ್ದ್ರತೆ, ಇಂಥವು ಸೂಚ್ಯಂಕಗಳಾಗಬಹುದು. ನಿಮ್ಮ ತೋಟಕ್ಕೆ ಯಾರೂ ಬಂದು ಉದುರಿದ ಕಾಯಿ ಎಣಿಸುವುದಿಲ್ಲ.

ಅಡಿಕೆಗೆ ಮಳೆಯೇ ಸೂಚ್ಯಂಕವಾದದ್ದು ಏಕೆ? ಕೊಳೆರೋಗವನ್ನು ತರುವ ಫೈಟಾಫ್ತೊರ ಎಂಬ ಶಿಲೀಂಧ್ರಸದೃಶ ಜೀವಿ ಬಿಡುವಿಲ್ಲದ ಮಳೆ ಮತ್ತು ಹೆಚ್ಚಿನ ಆರ್ದ್ರತೆಯಲ್ಲಿ ಹರಡುತ್ತದೆ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಈ ರೋಗದ ಬಗ್ಗೆ ಅಧ್ಯಯನ ಪ್ರಕಟಿಸಿದ್ದರು. ಮಳೆ ಬಿಡುವು ಕೊಡದಿದ್ದರೆ ಕೊನೆಗಾರರು ಮರವೇರಿ ಬೋರ್ಡೋ ದ್ರಾವಣ ಸಿಂಪಡಿಸುವುದೂ ಕಷ್ಟ. ಆದ್ದರಿಂದ ಮಳೆಯ ಅಂಕಿ ರೋಗದ ಸಾಧ್ಯತೆಯ ಒಂದು ಅಳತೆಯಾಗುತ್ತದೆ. ನೆನಪಿಡಿ, ಸಾಧ್ಯತೆಯ ಅಳತೆ ಮಾತ್ರ, ರೋಗದ ಅಳತೆಯಲ್ಲ.

ಬೆಳೆಯನ್ನೇ ಏಕೆ ಅಳೆಯಬಾರದು? ಪ್ರತಿ ತೋಟದ ನಷ್ಟವನ್ನು ಪರಿಶೀಲಿಸಲು ಆಗುವ ಖರ್ಚು ದೊಡ್ಡದು. ಇನ್ನೊಂದು ಕಾರಣಕ್ಕೆ 'ಮಾರಲ್ ಹಜಾರ್ಡ್' ಎಂಬ ಹೆಸರಿದೆ. ಹೇಗೂ ವಿಮೆ ಇದೆಯಲ್ಲ ಎಂದು ಎಚ್ಚರ ತಪ್ಪುವ ಪ್ರವೃತ್ತಿ ಎಂದು ಇದನ್ನು ಹೇಳಬಹುದು. ಔಷಧ ಹೊಡೆಯದವನಿಗೂ ಹೊಡೆದವನಿಗೂ ಮಳೆಯ ಅಂಕಿ ಒಂದೇ. ಹಾಗಾಗಿ ಸೂಚ್ಯಂಕ ವಿಮೆಯಲ್ಲಿ ತೋಟವನ್ನು ಚೆನ್ನಾಗಿ ನೋಡಿಕೊಂಡವನಿಗೆ ನಷ್ಟವಿಲ್ಲ.

ಈ ವಿಚಾರ ವಿದೇಶದಿಂದ ಬಂದದ್ದೆಂದು ಭಾವಿಸಬೇಡಿ. ಮೈಸೂರು ಸಂಸ್ಥಾನದಲ್ಲಿದ್ದ ಜೆ.ಎಸ್. ಚಕ್ರವರ್ತಿ ಎಂಬುವರು ಮಳೆಮಾಪಕದ ಅಂಕಿಗಳನ್ನು ಆಧರಿಸಿ ಬರಗಾಲದ ವಿರುದ್ಧ ರೈತರಿಗೆ ವಿಮೆ ಕೊಡುವ ಯೋಜನೆಯೊಂದನ್ನು ರೂಪಿಸಿ 1920ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ಯೋಜನೆ ಆಗ ಜಾರಿಗೆ ಬರಲಿಲ್ಲ. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆ ಪ್ರಾಯೋಗಿಕವಾಗಿ ಆರಂಭವಾದದ್ದು ಕರ್ನಾಟಕದಲ್ಲಿಯೇ. 2016ರಲ್ಲಿ ಅದು ಪುನರ್ರೂಪಗೊಂಡಿತು. 2020ರ ಮುಂಗಾರಿನಿಂದ ಬೆಳೆಸಾಲ ಪಡೆದವರಿಗೂ ಇದು ಐಚ್ಛಿಕವಾಯಿತು. ಐಚ್ಛಿಕ ಎಂದ ಮೇಲೆ ಕಟ್ಟಬೇಕೋ ಬೇಡವೋ ಎಂದು ರೈತರೇ ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸಲು ಹಾಳೆಯನ್ನು ಓದಲು ಬರಬೇಕು.

ಒಂದು ರೇಖಾಚಿತ್ರ, ನಾಲ್ಕು ಪದ

ವಿಮೆಯ ಷರತ್ತುಗಳನ್ನು ಅಂಕಿಗಳಲ್ಲಿ ಕೊಡುವ ಹಾಳೆಗೆ 'ಟರ್ಮ್ ಶೀಟ್' ಎಂದು ಹೆಸರು. ಅದರಲ್ಲಿ ನಾಲ್ಕು ಪದಗಳು ಮುಖ್ಯ: ಸ್ಟ್ರೈಕ್, ನೋಶನಲ್, ಎಕ್ಸಿಟ್, ಮ್ಯಾಕ್ಸಿಮಮ್ ಪೇಔಟ್. ಸ್ಟ್ರೈಕ್ ಅನ್ನು ಕೆಲವು ಕಡೆ 'ಟ್ರಿಗರ್' ಎಂದೂ ಬರೆಯುತ್ತಾರೆ.

ದ್ಯುತಿವಿದ್ಯುತ್ ಪರಿಣಾಮದ ಪಾಠವನ್ನು ನೆನಪಿಸಿಕೊಳ್ಳಿ. ಲೋಹದ ಮೇಲೆ ಬೀಳುವ ಬೆಳಕಿನ ಆವೃತ್ತಿ ಒಂದು ಹೊಸ್ತಿಲನ್ನು ದಾಟುವವರೆಗೆ ಎಲೆಕ್ಟ್ರಾನ್ ಹೊರಬರುವುದಿಲ್ಲ. ದಾಟಿದ ಮೇಲೆ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ ಆವೃತ್ತಿಯೊಂದಿಗೆ ಸರಳರೇಖೆಯಲ್ಲಿ ಏರುತ್ತದೆ. ವಿಮೆಯ ರೇಖಾಚಿತ್ರವೂ ಬಹುಮಟ್ಟಿಗೆ ಹೀಗೆಯೇ ಇದೆ. ಅಡ್ಡ ಅಕ್ಷದಲ್ಲಿ ಮಳೆ, ಲಂಬ ಅಕ್ಷದಲ್ಲಿ ಪರಿಹಾರ. ಸ್ಟ್ರೈಕ್ ಎಂಬುದು ಹೊಸ್ತಿಲು. ನೋಶನಲ್ ಎಂಬುದು ರೇಖೆಯ ಇಳಿಜಾರು, ಅಂದರೆ ಹೊಸ್ತಿಲು ದಾಟಿದ ಪ್ರತಿ ಮಿಲಿಮೀಟರ್‌ಗೆ ಎಷ್ಟು ರೂಪಾಯಿ ಎಂಬ ದರ. ಒಂದೇ ವ್ಯತ್ಯಾಸವೆಂದರೆ ಈ ರೇಖೆ ಏರುತ್ತಲೇ ಹೋಗುವುದಿಲ್ಲ. ಎಕ್ಸಿಟ್ ಎಂಬ ಬಿಂದುವಿನಲ್ಲಿ ಅದು ಸಮತಲವಾಗುತ್ತದೆ. ಅಲ್ಲಿಂದ ಮುಂದೆ ಎಷ್ಟೇ ಮಳೆ ಸುರಿದರೂ ಸಿಗುವುದು ಮ್ಯಾಕ್ಸಿಮಮ್ ಪೇಔಟ್ ಮಾತ್ರ.

ಕೇವಲ ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಎರಡು ತಿಂಗಳ ಅವಧಿಗೆ ಸ್ಟ್ರೈಕ್ 1,500 ಮಿ.ಮೀ., ಎಕ್ಸಿಟ್ 2,500 ಮಿ.ಮೀ., ನೋಶನಲ್ ಹೆಕ್ಟೇರಿಗೆ ಪ್ರತಿ ಮಿ.ಮೀ.ಗೆ 20 ರೂ. ಇರಲಿ. ಗರಿಷ್ಠ ಪರಿಹಾರ ಹೆಕ್ಟೇರಿಗೆ 20,000 ರೂ. ಆಗುತ್ತದೆ.

ಮಾಪಕ 1,800 ಮಿ.ಮೀ. ತೋರಿಸಿದರೆ: 1,800 – 1,500 = 300; 300 × 20 = 6,000 ರೂ.
ಮಾಪಕ 2,700 ಮಿ.ಮೀ. ತೋರಿಸಿದರೆ: ಎಕ್ಸಿಟ್ ದಾಟಿದೆ, ಆದ್ದರಿಂದ 20,000 ರೂ.
ಮಾಪಕ 1,480 ಮಿ.ಮೀ. ತೋರಿಸಿದರೆ: ಸ್ಟ್ರೈಕ್ ದಾಟಿಲ್ಲ, ಆದ್ದರಿಂದ ಸೊನ್ನೆ.

ಇವೆಲ್ಲ ಹೆಕ್ಟೇರಿನ ಲೆಕ್ಕ. ಒಂದು ಎಕರೆ ಸುಮಾರು 0.4 ಹೆಕ್ಟೇರ್. ಅರ್ಧ ಎಕರೆ ತೋಟದವರು ಮೇಲಿನ 6,000 ರೂ.ಗಳನ್ನು 0.2ರಿಂದ ಗುಣಿಸಬೇಕು, ಸಿಗುವುದು 1,200 ರೂ. 'ಹೆಕ್ಟೇರಿಗೆ' ಎಂಬ ಒಂದು ಪದವನ್ನು ಗಮನಿಸದೆ ನಿರಾಶರಾದವರು ಬಹಳ.

ಪ್ರೀಮಿಯಂ ಎಲ್ಲಿಂದ ಬರುತ್ತದೆ?

'ಪ್ರೀಮಿಯಂ' ಎಂಬುದು ಲ್ಯಾಟಿನ್ ಮೂಲದ ಪದ. ಮೂಲಾರ್ಥ ಬಹುಮಾನ, ಪ್ರತಿಫಲ. ಬೇರೊಬ್ಬರ ಅಪಾಯವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡವನಿಗೆ ಕೊಡುವ ಪ್ರತಿಫಲ ಅದು. ಆದ್ದರಿಂದ ಪ್ರೀಮಿಯಂ ಠೇವಣಿಯಲ್ಲ. ಮಳೆ ಸ್ಟ್ರೈಕ್ ದಾಟದ ವರ್ಷ ಕಟ್ಟಿದ ಹಣ ಹಿಂದಿರುಗುವುದಿಲ್ಲ, ಅದಕ್ಕೆ ಬಡ್ಡಿಯೂ ಇಲ್ಲ.

ಇದರ ಮೂಲ ತತ್ತ್ವ ಸರಾಸರಿ. ಹಿಂದಿನ ವರ್ಷಗಳ ಮಳೆಯ ದಾಖಲೆಯನ್ನು ಮೇಲಿನ ರೇಖಾಚಿತ್ರದಲ್ಲಿ ಹಾಕಿ, ಪ್ರತಿ ವರ್ಷ ಎಷ್ಟು ಪರಿಹಾರ ಕೊಡಬೇಕಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. 20 ವರ್ಷಗಳಲ್ಲಿ ಒಟ್ಟು 40,000 ರೂ. ಆಗಿದ್ದರೆ ವರ್ಷದ ಸರಾಸರಿ 2,000 ರೂ. ಇದು ಶುದ್ಧ ಪ್ರೀಮಿಯಂ. ಇದರ ಮೇಲೆ ಆಡಳಿತದ ವೆಚ್ಚ, ಅನಿಶ್ಚಿತತೆ ಮತ್ತು ಲಾಭಕ್ಕಾಗಿ ಸೇರಿಸುವ ಮೊತ್ತಕ್ಕೆ 'ಲೋಡಿಂಗ್' ಎನ್ನುತ್ತಾರೆ. ಹೀಗೆ ಬಂದ ಪೂರ್ಣ ದರವೇ 'ಆಕ್ಚುಯರಿಯಲ್ ಪ್ರೀಮಿಯಂ'.

ಅದರಲ್ಲಿ ರೈತ ಕಟ್ಟುವುದು ಒಂದು ಪಾಲು. ಶಿವಮೊಗ್ಗ ಜಿಲ್ಲೆಯಲ್ಲಿ 2016ರ ನಂತರದ ಹಲವು ವರ್ಷ ಅಡಿಕೆಗೆ ವಿಮಾ ಮೊತ್ತ ಹೆಕ್ಟೇರಿಗೆ 1,28,000 ರೂ. ಇತ್ತು. ರೈತನ ಪಾಲು ಅದರ ಶೇ. 5, ಅಂದರೆ 6,400 ರೂ. ಒಂದು ಎಕರೆಗೆ ಇದು ಸುಮಾರು 2,590 ರೂ. ಆಗುತ್ತದೆ. ಪೂರ್ಣ ದರದಲ್ಲಿ ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸಹಾಯಧನವಾಗಿ ಕೊಡುತ್ತವೆ. ಈ ಕಾರಣದಿಂದಲೇ ಇದು ರೈತ ಮತ್ತು ಕಂಪನಿಯ ನಡುವಿನ ಖಾಸಗಿ ವ್ಯವಹಾರ ಮಾತ್ರವಲ್ಲ. ಸಾರ್ವಜನಿಕ ಹಣವೂ ಇದರಲ್ಲಿದೆ.

ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಸ್ವಾರಸ್ಯವನ್ನು ಗಮನಿಸಿ. 10,000 ಜನರಿಗೆ ಅಪಘಾತ ವಿಮೆ ಇದೆ, ವರ್ಷದಲ್ಲಿ ನೂರರಲ್ಲಿ ಒಬ್ಬರಿಗೆ ಅಪಘಾತ ಆಗಬಹುದು ಎಂದಿಟ್ಟುಕೊಳ್ಳಿ. ನಿರೀಕ್ಷೆ 100 ಅಪಘಾತ. ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ ಸುಮಾರು 10. ಹತ್ತನೇ ಒಂದು ಪಾಲು ಮಾತ್ರ ಅನಿಶ್ಚಿತ. ಜನ ಹೆಚ್ಚಿದಷ್ಟೂ ಈ ಪಾಲು ಕಡಿಮೆಯಾಗುತ್ತದೆ. ಆದರೆ ಇದು ನಿಜವಾಗುವುದು ಒಬ್ಬರ ಅಪಘಾತಕ್ಕೂ ಇನ್ನೊಬ್ಬರ ಅಪಘಾತಕ್ಕೂ ಸಂಬಂಧವಿಲ್ಲದಿದ್ದಾಗ. ಮಳೆ ಹಾಗಲ್ಲ. ಅದು ಹೊಸನಗರ, ತೀರ್ಥಹಳ್ಳಿ, ಸಾಗರಗಳ ತೋಟಗಳ ಮೇಲೆ ಒಂದೇ ವಾರ ಸುರಿಯುತ್ತದೆ. ಒಂದು ಮಾಪಕಕ್ಕೆ ಸೇರಿದ ಸಾವಿರ ರೈತರು ಲೆಕ್ಕದ ದೃಷ್ಟಿಯಲ್ಲಿ ಒಬ್ಬನೇ ರೈತ. ಅಲ್ಲಿ ವರ್ಗಮೂಲದ ಅನುಕೂಲವಿಲ್ಲ. ಆದ್ದರಿಂದ ವಿಮಾ ಕಂಪನಿಯೂ ತನ್ನ ಅಪಾಯದ ಒಂದು ಭಾಗಕ್ಕೆ ಬೇರೆ ಕಂಪನಿಯಲ್ಲಿ ವಿಮೆ ಮಾಡಿಸುತ್ತದೆ. ಇದೇ 'ರೀಇನ್ಶೂರೆನ್ಸ್', ಮರುವಿಮೆ.

ಮಾಪಕಕ್ಕೂ ತೋಟಕ್ಕೂ ನಡುವೆ

ಇನ್ನು ಉಳಿದಿರುವುದು ಸಾಮಾನ್ಯವಾಗಿ ಹಾಳೆಯಲ್ಲಿ ಕಾಣದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಪದ: 'ಬೇಸಿಸ್ ರಿಸ್ಕ್'. ಸೂಚ್ಯಂಕ ಹೇಳುವುದಕ್ಕೂ ನಿಜವಾಗಿ ಆದ ನಷ್ಟಕ್ಕೂ ಇರುವ ವ್ಯತ್ಯಾಸದಿಂದ ಬರುವ ಅಪಾಯ ಇದು. 'ಅಂತರದ ಅಪಾಯ' ಎಂದು ನಾವು ಕರೆಯಬಹುದು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನು ಸ್ಥಾಪಿಸಿದೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ಆದರೂ ಒಂದು ಲೆಕ್ಕ ಮಾಡಿ ನೋಡಿ. ಮಾಪಕದ ಬಾಯಿ 200 ಚದರ ಸೆಂ.ಮೀ., ಪಂಚಾಯತಿಯ ವಿಸ್ತೀರ್ಣ 40 ಚದರ ಕಿ.ಮೀ. ಎಂದುಕೊಳ್ಳಿ. ಆಗ ನಾವು ನಿಜವಾಗಿ ಅಳೆಯುತ್ತಿರುವುದು ಆ ನೆಲದ ಮೇಲೆ ಬಿದ್ದ ಮಳೆಯ ಇನ್ನೂರು ಕೋಟಿಯಲ್ಲಿ ಒಂದು ಪಾಲನ್ನು. ಬಯಲುಸೀಮೆಯಲ್ಲಿ ಮುಂಗಾರು ಸಮನಾಗಿ ಹರಡಿ ಸುರಿದರೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಮಲೆನಾಡಿನಲ್ಲಿ ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಬೇರೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಸುಮಾರು ಸಾವಿರ ಮಿ.ಮೀ. ಇಂಥ ನಾಡಿನಲ್ಲಿ ನಿಮ್ಮ ತೋಟದಲ್ಲಿ 1,900 ಮಿ.ಮೀ. ಸುರಿದಾಗ ಪಂಚಾಯತಿ ಕಚೇರಿಯ ಬಳಿ 1,480 ಮಿ.ಮೀ. ದಾಖಲಾಗಿದ್ದರೆ ಅದು ಅಸಂಭವವೇನಲ್ಲ. ನಮ್ಮ ಊಹೆಯ ಟರ್ಮ್ ಶೀಟಿನಂತೆ 8,000 ರೂ. ಬರಬೇಕಾದಲ್ಲಿ ಬರುವುದು ಸೊನ್ನೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಆದರೂ ರೈತನಿಗೆ ನಷ್ಟವಾಗಿದೆ. ಅಂತರ ತನ್ನ ಪರವಾಗಿ ಬರುವುದೂ ಉಂಟು: ತೋಟಕ್ಕೆ ರೋಗವಿಲ್ಲ, ಆದರೂ ಪರಿಹಾರ ಬರುತ್ತದೆ.

ಎರಡನೆಯದು ಉಪಕರಣದ ದೋಷ. ಸ್ವಯಂಚಾಲಿತ ಮಾಪಕಗಳಲ್ಲಿ ಸಾಮಾನ್ಯವಾಗಿ ಏತದಂತೆ ಓಲಾಡುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದಾಗ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ವಾಲಿಕೆಯೂ ಒಂದು ಎಣಿಕೆ. ಮಳೆ ರಭಸವಾಗಿದ್ದಾಗ ಬಟ್ಟಲು ವಾಲುವ ಕ್ಷಣದಲ್ಲೂ ನೀರು ಬೀಳುತ್ತಲೇ ಇರುತ್ತದೆ; ಆ ನೀರು ಎಣಿಕೆಗೆ ಸಿಗುವುದಿಲ್ಲ. ತಿದ್ದುಪಡಿ ಮಾಡದಿದ್ದರೆ ಜೋರು ಮಳೆಯಲ್ಲಿ ಇಂಥ ಮಾಪಕ ಕಡಿಮೆ ತೋರಿಸುತ್ತದೆ. ಶೇ. 5ರ ದೋಷ ಪ್ರಯೋಗಶಾಲೆಯಲ್ಲಿ ಕ್ಷಮಾರ್ಹ. ಆದರೆ ನಿಜವಾದ ಮಳೆ 1,560 ಮಿ.ಮೀ. ಇದ್ದು ಮಾಪಕ ಶೇ. 5 ಕಡಿಮೆ ತೋರಿಸಿದರೆ ಅಂಕಿ 1,482 ಆಗುತ್ತದೆ, 1,200 ರೂ. ಇದ್ದಲ್ಲಿ ಸೊನ್ನೆಯಾಗುತ್ತದೆ. ಹೊಸ್ತಿಲಿನ ಹತ್ತಿರ ಸಣ್ಣ ದೋಷಕ್ಕೆ ದೊಡ್ಡ ಬೆಲೆ.

ಮೂರನೆಯದು 'ಸೊನ್ನೆ' ಮತ್ತು 'ಮಾಹಿತಿ ಇಲ್ಲ' ಎಂಬುವುಗಳ ನಡುವಿನ ವ್ಯತ್ಯಾಸ. ಆಲಿಕೆಯಲ್ಲಿ ಒಂದು ಎಲೆ ಸಿಕ್ಕಿಕೊಂಡರೆ ಸುರಿಯುವ ಮಳೆಯಲ್ಲೂ ಮಾಪಕ ಸೊನ್ನೆ ತೋರಿಸಬಹುದು. ಸೂಚ್ಯಂಕ 'ಸತತ ಮಳೆಯ ದಿನಗಳು' ಆಗಿದ್ದರೆ ಒಂದೇ ಒಂದು ಸುಳ್ಳು ಸೊನ್ನೆ ಇಡೀ ಸರಪಳಿಯನ್ನು ಕತ್ತರಿಸುತ್ತದೆ.

ತರಗತಿಯಲ್ಲಿ ಮಾಡಬಹುದಾದದ್ದು

ಶಿಕ್ಷಕ ಮಿತ್ರರೇ, ಇದನ್ನು ವಿದ್ಯಾರ್ಥಿಗಳಿಂದ ಮಾಡಿಸಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ಸಮತಟ್ಟಾದ ತಳದ ಡಬ್ಬಿಯೊಂದನ್ನು ಮರ, ಮಾಡುಗಳಿಂದ ದೂರ, ತೆರೆದ ಜಾಗದಲ್ಲಿ ಇಡಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರ್‌ಗಳಲ್ಲಿ ಅಳೆದು ಚೆಲ್ಲಿ. ಅದೇ ಮಳೆಯ ಪ್ರಮಾಣ. ಡಬ್ಬಿಯ ಅಗಲ ಎಷ್ಟಿದ್ದರೂ ಉತ್ತರ ಬದಲಾಗದು. ಏಕೆಂದು ಮಕ್ಕಳೇ ಯೋಚಿಸಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು ಎಂಬುದನ್ನೂ ತಾಳೆ ನೋಡಲಿ.

ಬೇರೆ ಬೇರೆ ಕೇರಿಗಳಿಂದ ಬರುವ ಹತ್ತು ಮಕ್ಕಳು ತಮ್ಮ ಮನೆಯಂಗಳದಲ್ಲಿ ಹೀಗೆ ಅಳೆದರೆ ತಿಂಗಳ ಕೊನೆಗೆ ನಿಮ್ಮ ಪಂಚಾಯತಿಯ ಒಂದು ಮಳೆ ನಕ್ಷೆ ಸಿದ್ಧವಾಗುತ್ತದೆ. ಅದನ್ನು ಅಧಿಕೃತ ಮಾಪಕದ ಅಂಕಿಯೊಂದಿಗೆ ಹೋಲಿಸಿ, ಎರಡನ್ನೂ ಒಂದೇ ಟರ್ಮ್ ಶೀಟಿಗೆ ಹಾಕಿ ಪರಿಹಾರ ಲೆಕ್ಕ ಮಾಡಿಸಿ. ಬೇಸಿಸ್ ರಿಸ್ಕ್ ಎಂದರೆ ಏನೆಂದು ಆಗ ಬೇರೆ ವಿವರಿಸಬೇಕಿಲ್ಲ. ಕರಾರಿನಲ್ಲಿ ಹೆಸರಿಸಿದ ಮಾಪಕವೇ ಅಂತಿಮವಾದ್ದರಿಂದ ಮಕ್ಕಳ ಡಬ್ಬಿಯ ಅಂಕಿಗೆ ಪರಿಹಾರ ಸಿಗದು. ಆದರೆ ಊರೆಲ್ಲ ಮಳೆ ಸುರಿದ ದಿನ ಅಧಿಕೃತ ಮಾಪಕ ಸೊನ್ನೆ ತೋರಿಸಿದ್ದರೆ ಅದನ್ನು ಅಂದೇ ಗುರುತಿಸಬಹುದು. ಋತು ಮುಗಿದ ಮೇಲೆ ಮಾಡುವ ದೂರಿಗಿಂತ ದಿನಾಂಕ ಮತ್ತು ಅಂಕಿ ಬರೆದಿಟ್ಟ ಪುಸ್ತಕದ ಬೆಲೆ ಹೆಚ್ಚು.

ವಿಮೆ ಕಟ್ಟುವ ಮುನ್ನ ಯಾರೇ ಆದರೂ ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ಸೂಚ್ಯಂಕ ಯಾವುದು? ಯಾವ ಮಾಪಕ, ಅದು ನನ್ನ ತೋಟದಿಂದ ಎಷ್ಟು ದೂರ? ಕವರ್ ಪೀರಿಯಡ್ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ? ಸ್ಟ್ರೈಕ್, ನೋಶನಲ್, ಎಕ್ಸಿಟ್ ಎಷ್ಟು? ಮಾಪಕ ಕೆಟ್ಟರೆ ಯಾವ ಅಂಕಿಯನ್ನು ಬಳಸುತ್ತಾರೆ?

ಹೊಳೆಬಾಗಿಲಿನ ಆ ಬೆಳೆಗಾರರಿಗೆ ಈ ರೇಖಾಚಿತ್ರವನ್ನು ಆಮೇಲೊಮ್ಮೆ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಹಾಗಾದ್ರೆ ನಾನು ದುಡ್ಡು ಕಟ್ಟಿದ್ದು ತೋಟಕ್ಕಲ್ಲ, ಪಂಚಾಯ್ತಿ ಹತ್ರ ಇರೋ ಆ ಡಬ್ಬಿಗೆ ಅನ್ನಿ. ಮೊದಲೇ ಹೇಳಿದ್ರೆ ಅದರ ಮೇಲೂ ಒಂದು ಕಣ್ಣಿಡ್ತಿದ್ದೆ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಕೇಳಿದ ದಿನವೇ ನಾನು ಹೇಳಬೇಕಾಗಿತ್ತು. ನಿಮ್ಮನ್ನು ಯಾರಾದರೂ ಕೇಳಿದರೆ ನೀವು ಹೇಳಿ.